ಮೂವತ್ತನೆಯ ಮಣಿ

ಫೆಬ್ರವರಿ ೧೧

ಅಕ್ಕ,

ಫೋನಿನಲ್ಲಿ ಮಾತಾಡಿದರೆ ಮನೆಯವರೆಲ್ಲ ಕೇಳಿಸಿಕೊಳ್ಳುತ್ತಾರೆ, ಏನಿದ್ದರೂ ಹೊಲಿಗೆ ಅಂಗಡಿಯ ವಿಳಾಸಕ್ಕೆ ಬರೆ ಎಂದಿದ್ದೆಯಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನ ಹೊಟ್ಟೆಯಿಂದ ತೆಗೆದ ಕೊಬ್ಬಿನ ತುಣುಕು ಆಸ್ಪತ್ರೆಯಿಂದ ನಮ್ಮ ಪ್ರಯೋಗಾಲಯಕ್ಕೆ ಬಂದು ತಲುಪಿತು. ಪ್ರಯೋಗಾಲಯ ನಡೆಸುವ ಮೇಡಂ ಅದರೊಳಗಿನ ಪ್ರೋಟೀನನ್ನು ಬೇರ್ಪಡಿಸಿ, ಒಣಗಿಸಿ, ಕಿರುಬೆರಳಿಗಿಂತ ಚಿಕ್ಕ ನಳಿಕೆಯೊಂದರಲ್ಲಿ ಹಾಕಿ ಫ್ರೀಜರಿನಲ್ಲಿಟ್ಟಿದ್ದಾರೆ. ಬೆಳಕಿಗೆ ಹಿಡಿದರೆ ತಳದಲ್ಲಿ ಒಂದಿಷ್ಟು ಮಸುಕು ಕಾಣುತ್ತದೆ, ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ. ಅದು ನೀನು ಎಂದು ಮನಸ್ಸನ್ನು ಒಪ್ಪಿಸಲು ಸ್ವಲ್ಪ ಹೊತ್ತು ಬೇಕಾಯಿತು.

ಡಾಕ್ಟರು ಹೇಳಿದ್ದು ಅರ್ಥವಾಗಲಿಲ್ಲ ಎಂದಿದ್ದೆ. ನನಗೆ ತಿಳಿದಷ್ಟು ಹೇಳುತ್ತೇನೆ. ಪಿತ್ತಜನಕಾಂಗದಲ್ಲಿ ಹುಟ್ಟಿ ರಕ್ತದಲ್ಲಿ ಓಡಾಡಬೇಕಾದ ಒಂದು ಪ್ರೋಟೀನು ನಿನ್ನ ನರಗಳ ಮೇಲೆ, ಹೊಟ್ಟೆಯ ಕೊಬ್ಬಿನಲ್ಲಿ ಹೋಗಿ ಕೂತಿದೆ, ಕೊಳವೆಯೊಳಗೆ ಕಿಟ್ಟ ಕಟ್ಟಿದ ಹಾಗೆ. ಅಷ್ಟು ಅವರಿಗೆ ಈಗಾಗಲೇ ಗೊತ್ತು. ಗೊತ್ತಿಲ್ಲದ್ದು, ಅದು ವಯಸ್ಸಾದ ಯಾರಿಗೆ ಬೇಕಾದರೂ ಬರುವ ಬಗೆಯೋ, ವಂಶದಲ್ಲಿ ಇಳಿದು ಬರುವ ಬಗೆಯೋ ಎನ್ನುವುದು. ಪ್ರೋಟೀನೆಂದರೆ ಮಣಿಸರ. ನಾನು ನೋಡಿಕೊಳ್ಳುವ ಯಂತ್ರ ಆ ಸರದ ತುದಿಯಿಂದ ಒಂದೊಂದೇ ಮಣಿ ಕಳಚಿ, ಅದು ಇಂಥದ್ದೆಂದು ಕಾಗದದ ಮೇಲೆ ಗೀಚಿ ತೋರಿಸುತ್ತದೆ. ಅಪ್ಪನಿಂದ ಬಂದ ಸರ, ಅಮ್ಮನಿಂದ ಬಂದ ಸರ ಎರಡೂ ಬೆರೆತೇ ಇರುತ್ತವೆ. ಮೂವತ್ತನೆಯ ಜಾಗದಲ್ಲಿ ವ್ಯಾಲಿನ್ ಎಂಬ ಮಣಿ ಮಾತ್ರ ಇದ್ದರೆ ವಯಸ್ಸಿನದು. ವ್ಯಾಲಿನ್ ಜೊತೆಗೆ ಮಿಥಿಯೋನಿನ್ ಎಂಬುದೂ ಕಂಡರೆ ವಂಶದ್ದು. ಎಲ್ಲವೂ ಒಂದು ಮಣಿಯ ಮೇಲೆ ನಿಂತಿದೆ.

ನಳಿಕೆಯಲ್ಲಿರುವುದು ಒಂದು ಸಲಕ್ಕೆ ಆಗುವಷ್ಟು ಮಾತ್ರ. ಯಂತ್ರ ನಡುವೆ ಕೈಕೊಟ್ಟರೆ ಕಳಚಿದ ಮಣಿಗಳನ್ನು ಮತ್ತೆ ಪೋಣಿಸಲು ಬರುವುದಿಲ್ಲ; ನಿನ್ನ ಹೊಟ್ಟೆಗೆ ಮತ್ತೊಮ್ಮೆ ಕತ್ತರಿ. ನೀನು ನನ್ನ ಅಕ್ಕನೆಂದು ಮೇಡಂಗೆ ಗೊತ್ತಿರುವುದರಿಂದ ಒಂದು ನಿಯಮ ಮಾಡಿದ್ದಾರೆ. ಪರೀಕ್ಷೆ ನಡೆಸುವುದು, ಕಾಗದ ಓದುವುದು ಅವರು. ನನ್ನ ಕೆಲಸ ಯಂತ್ರ ಮಾತ್ರ. "ಯಾವತ್ತು ಸಿದ್ಧ ಅಂತ ನೀವು ಹೇಳ್ತೀರೋ ಅವತ್ತು ಹಾಕ್ತೀನಿ" ಎಂದರು.

ಸದ್ಯಕ್ಕೆ ಸಿದ್ಧವಿಲ್ಲ. ಯಂತ್ರದೊಳಗೆ ಪಂಪುಗಳಿಲ್ಲ; ಆರ್ಗಾನ್ ಅನಿಲದ ಒತ್ತಡವೇ ಸೀಸೆಯಿಂದ ಸೀಸೆಗೆ ದ್ರವಗಳನ್ನು ದೂಡುತ್ತದೆ. ಎಲ್ಲ ಕವಾಟ ಮುಚ್ಚಿಟ್ಟು ಮಾಪಕವನ್ನು ನೋಡುತ್ತ ಕೂತರೆ ಮುಳ್ಳು ನಿಲ್ಲುವುದಿಲ್ಲ, ಕಂಡೂ ಕಾಣದಂತೆ ಇಳಿಯುತ್ತದೆ. ಎಲ್ಲೋ ಸೋರುತ್ತಿದೆ. ಗಾಳಿ ಒಳಹೊಕ್ಕರೆ ಮಣಿಗಳು ಕೆಡುತ್ತವೆ. ಹುಡುಕುತ್ತಿದ್ದೇನೆ.

ಜುಮ್ಮೆನ್ನುವುದು ಪಾದದಲ್ಲೇ ಇದೆಯೋ, ಮೇಲಕ್ಕೆ ಬಂದಿದೆಯೋ ಬರೆ.

ನಿನ್ನ ತಮ್ಮ


ಫೆಬ್ರವರಿ ೨೦

ನಿಧಾನಿ,

ಇಲ್ಲಿ ಎಲ್ಲರೂ ಕ್ಷೇಮ, ನನ್ನ ಎರಡು ಪಾದಗಳನ್ನು ಬಿಟ್ಟು.

ಜುಮ್ಮೆನ್ನುವುದು ಮೀನಖಂಡಕ್ಕೆ ಬಂದಿದೆ. ಪಾದದಲ್ಲಿ ಈಗ ಜುಮ್ಮೂ ಇಲ್ಲ, ಏನೂ ಇಲ್ಲ. ಹೊಲಿಗೆ ಯಂತ್ರದ ಮುಂದೆ ಕೂತರೆ ಕೆಳಗೆ ತುಳಿಯುವ ಹಲಗೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಮೇಲೆ ಸೂಜಿಯ ಸದ್ದು ಕೇಳಿದರೆ ಸರಿ, ಕಾಲು ತುಳಿಯುತ್ತಿದೆ ಎಂದು ತಿಳಿದುಕೊಳ್ಳುತ್ತೇನೆ. ಸದ್ದು ನಿಂತರೆ ಬಗ್ಗಿ ನೋಡುತ್ತೇನೆ, ಕಾಲು ಎಲ್ಲಿಗೆ ಹೋಯಿತೆಂದು. ಎದುರು ಕೂತ ಗಿರಾಕಿಗಳು ನಾನು ದಾರದ ಉಂಡೆ ಹುಡುಕುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ನೀನು ಕೇಳಿಲ್ಲ, ಆದರೂ ಬರೆಯುತ್ತೇನೆ. ಅಮ್ಮ ಒಂದು ಸಲ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದದ್ದು ನೆನಪಿದೆಯೇ? ಇನ್ನೊಂದು ದಾರಿಯಲ್ಲಿ ಕಳಚಿ ಬಿದ್ದಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ. ಬಾಗಿಲಲ್ಲಿ ನಿಂತು ಕಾಲು ನೋಡಿಕೊಂಡಳು. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಅವಳೂ ನಕ್ಕಳು. ಆಮೇಲೆ ಎದೆಯ ತೊಂದರೆ ಬಂತು, ಆಮೇಲೆ ಹೋದಳು. ಯಾರೂ ಪಾದಕ್ಕೂ ಎದೆಗೂ ನಂಟು ಕಟ್ಟಲಿಲ್ಲ. ಡಾಕ್ಟರು ಈಗ ಕಟ್ಟುತ್ತಿದ್ದಾರೆ.

ಮಗಳು ಮೊನ್ನೆ ಈಜುಕೊಳದಲ್ಲಿ ಮಕ್ಕಳಿಗೆ ಪಾಠ ಹೇಳಿ ಮುಗಿಸಿ ನೇರವಾಗಿ ಅಂಗಡಿಗೆ ಬಂದಳು. ಗಂಡ ಹೆಂಡತಿ ಮಗುವಿನ ಯೋಚನೆಯಲ್ಲಿದ್ದಾರೆ. ಅದನ್ನು ಹೇಳಲೆಂದೇ ಬಂದವಳು ನನ್ನ ಕಾಲನ್ನು ನೋಡುತ್ತ ಕೂತುಬಿಟ್ಟಳು. ಅಜ್ಜಿಗೂ ಹೀಗೇ ಆಗಿತ್ತಾ ಎಂದು ಕೇಳಿದಳು. ಅಜ್ಜಿಗೆ ವಯಸ್ಸಾಗಿತ್ತು ಕಣೆ ಎಂದೆ. "ಅಜ್ಜಿ ಹೋದಾಗ ನಿನ್ನಷ್ಟೇ ವಯಸ್ಸಲ್ವಾ ಅಮ್ಮ?" ಎಂದಳು. ನಾನು ಬಾಯಲ್ಲಿ ಗುಂಡಿಗಳನ್ನು ಹಾಕಿಕೊಂಡಿದ್ದೆ, ಉತ್ತರ ಕೊಡದಿರಲು ಅದೊಂದು ಅನುಕೂಲವಾಯಿತು.

ವಂಶದ್ದು ಎಂದಾದರೆ ಪಿತ್ತಜನಕಾಂಗವನ್ನೇ ಬದಲಿಸುತ್ತಾರಂತೆ. ಕೇಳಿದಾಗ ಹಳೇ ಅಂಗಿಗೆ ಹೊಸ ಕಾಲರು ಹಾಕುವ ಮಾತಿನ ಹಾಗಿತ್ತು. ಆದರೆ ನಿಮ್ಮ ಯಂತ್ರ ಹೌದೆನ್ನುವವರೆಗೆ ನನ್ನ ಹೆಸರನ್ನು ಕಾಯುವವರ ಸಾಲಿಗೆ ಸೇರಿಸುವ ಹಾಗಿಲ್ಲ, ಹೋದ ನರ ಮತ್ತೆ ಬರುವುದೂ ಇಲ್ಲ ಎಂದರು ಡಾಕ್ಟರು. ನಿಧಾನವೇ ಪ್ರಧಾನ ಎಂದು ನಿನಗೆ ಚಿಕ್ಕಂದಿನಲ್ಲಿ ಯಾರು ಕಲಿಸಿದರೋ, ಅವರು ಸಿಕ್ಕರೆ ಒಂದು ಮಾತು ಕೇಳಬೇಕಿದೆ.

ಸೋರುವುದು ಸಿಕ್ಕಿತೆ?

ಅಕ್ಕ


ಮಾರ್ಚ್ ೯

ಅಕ್ಕ,

ಸಿಕ್ಕಿತು. ಮೂರನೆಯ ಸೀಸೆಯ ಮುಚ್ಚಳದೊಳಗಿನ ಉಂಗುರದಲ್ಲಿ ಕೂದಲಿನಷ್ಟು ಬಿರುಕು. ಬದಲಿಸಿದೆ. ಮಾಪಕದ ಮುಳ್ಳು ಈಗ ಅಲುಗದೆ ನಿಲ್ಲುತ್ತದೆ. ಇದನ್ನು ನಿನಗೆ ಆವತ್ತೇ ಬರೆಯಬಹುದಿತ್ತು. ಬರೆಯಲಿಲ್ಲ, ಏಕೆಂದರೆ ಆಮೇಲೆ ಇನ್ನೊಂದು ಕಂಡಿತು.

ಯಂತ್ರವನ್ನು ಪರೀಕ್ಷಿಸಲು ನಾವು ಹಾಲಿನಿಂದ ತೆಗೆದ ಒಂದು ಪ್ರೋಟೀನನ್ನು ಕೊಡುತ್ತೇವೆ. ಅದರ ಸರ ನಮಗೆ ಕಂಠಪಾಠ. ಉತ್ತರ ಗೊತ್ತಿರುವ ಪ್ರಶ್ನೆ ಕೇಳಿ, ಎದುರಿನವನು ಸುಳ್ಳು ಹೇಳುತ್ತಾನೆಯೇ ಎಂದು ನೋಡುವ ಹಾಗೆ. ಇಪ್ಪತ್ತರವರೆಗೆ ಚೆನ್ನಾಗಿ ಹೇಳಿತು. ಅಲ್ಲಿಂದ ಮುಂದೆ ಪ್ರತಿ ಮಣಿಯ ಹಿಂದೆ ಹಿಂದಿನ ಮಣಿಯ ನೆರಳು. ಕಳಚುವಾಗ ಒಂದಷ್ಟು ಸರಗಳು ಹಿಂದುಳಿದುಬಿಡುತ್ತವೆ, ಒಂದು ಹೆಜ್ಜೆ ತಡವಾಗಿ ತಮ್ಮ ಮಣಿಯನ್ನು ಕೊಡುತ್ತವೆ. ಮೇಡಂ ಕಾಗದವನ್ನು ಕಿಟಕಿಯ ಹತ್ತಿರ ಒಯ್ದು ನೋಡಿ, ಇಷ್ಟು ನೆರಳು ಯಾವ ಯಂತ್ರದಲ್ಲೂ ಇರುತ್ತದೆ, ಹಾಕಿಬಿಡೋಣವೇ ಎಂದರು. ನಾನು ಬೇಡ ಎಂದೆ. ಕವಾಟಗಳ ಕಟ್ಟನ್ನು ಬಿಚ್ಚಿ ತೊಳೆಯಬೇಕು ಎಂದೆ.

ಬಿಚ್ಚಿದೆ. ಒಳಗಿರುವ ಪೊರೆಗಳು ಈರುಳ್ಳಿ ಸಿಪ್ಪೆಗಿಂತ ತೆಳು. ಅಲ್ಲಿ ಉಳಿದ ದ್ರವಕ್ಕೆ ಕೊಳೆತ ಮೀನಿನ ವಾಸನೆ. ಅಂಗಿ ಒಗೆದರೂ ಹೋಗುವುದಿಲ್ಲ, ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಕಡೆ ಕೂರುತ್ತಾರೆ. ಪೊರೆಗಳನ್ನು ಒಂದೊಂದಾಗಿ ಒರೆಸಿ ಬಿಳಿಯ ಬಟ್ಟೆಯ ಮೇಲೆ ಹರವಿದ್ದೆ. ಮೇಡಂ ಬಾಗಿಲಲ್ಲಿ ಬಂದು ನಿಂತು ನೋಡಿ ಹೋದರು. ನಡುವೆ ಪಕ್ಕದ ಸಂಸ್ಥೆಯವರ ಒಂದು ಸ್ಯಾಂಪಲ್ ಬಂದಿತ್ತು, ಅದರ ಹತ್ತು ಮಣಿ ಓದಿ ಕಳಿಸಿದೆವು. ಹತ್ತಕ್ಕೆ ಈ ಯಂತ್ರ ಸಾಕು. ಮೂವತ್ತಕ್ಕೆ ಸಾಕೆ ಎನ್ನುವುದೇ ಪ್ರಶ್ನೆ.

ಒಂದು ವಿಷಯ. ಬೆಳಿಗ್ಗೆ ಎದ್ದ ಕೂಡಲೆ ಪೆನ್ಸಿಲಿನ ಮೊನೆಯಿಂದ ಅಂಗಾಲನ್ನು ಮುಟ್ಟಿ ನೋಡಿಕೊಳ್ಳುವ ಅಭ್ಯಾಸವಾಗಿದೆ. ಕಚಗುಳಿ ಆಗುತ್ತದೆ. ನಗು ಬರುವುದಿಲ್ಲ. ಎಡಗಾಲಿಗಿಂತ ಬಲಗಾಲಿಗೆ ಕಡಿಮೆ ಎನ್ನಿಸಿದ ದಿನ ಮತ್ತೆ ಮತ್ತೆ ಮುಟ್ಟುತ್ತೇನೆ, ಕೊನೆಗೆ ಎರಡೂ ಕಾಲಿಗೆ ಏನೂ ತಿಳಿಯದಂತಾಗುತ್ತದೆ. ಆಗ ನಿಲ್ಲಿಸಿ ಕೆಲಸಕ್ಕೆ ಹೊರಡುತ್ತೇನೆ.

ನಿನ್ನ ತಮ್ಮ


ಮಾರ್ಚ್ ೧೭

ತಮ್ಮ,

ಇದನ್ನು ನಿನ್ನ ಭಾವನಿಗೆ ಹೇಳಿಲ್ಲ, ನೀನೂ ಹೇಳಬೇಡ.

ಶಾಲೆಯ ಸಮವಸ್ತ್ರಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ಯಾರೋ ಕರೆದರೆಂದು ತಿರುಗಿ ಮಾತಾಡಿಸಿ, ಸ್ಟೂಲಿನ ಮೇಲೆ ಕೂತು ಗುಂಡಿ ಹೊಲಿಯತೊಡಗಿದೆ. ಸುಟ್ಟ ವಾಸನೆ ಬಂತು. ಗಿರಾಕಿಯ ಬಟ್ಟೆ ಹೋಯಿತಲ್ಲ ಎಂದುಕೊಂಡೆ. ಮೇಜಿನ ಮೇಲೆ ಹುಡುಕಿದೆ, ಮಡಿಸಿಟ್ಟ ಬಟ್ಟೆಗಳ ರಾಶಿಯನ್ನೆಲ್ಲ ಕೊಡವಿ ನೋಡಿದೆ. ಯಾವ ಬಟ್ಟೆಗೂ ಏನೂ ಆಗಿರಲಿಲ್ಲ. ಇಸ್ತ್ರಿ ಪೆಟ್ಟಿಗೆಯೇ ಕಾಣುತ್ತಿರಲಿಲ್ಲ.

ಅದು ಕೆಳಗೆ ಜಾರಿ ನನ್ನ ಬಲಗಾಲಿಗೆ ಒರಗಿ ನಿಂತಿತ್ತು.

ಎಷ್ಟು ಹೊತ್ತಿನಿಂದ ನಿಂತಿತ್ತೋ ತಿಳಿಯದು. ನೋಡುತ್ತಿರುವಾಗಲೂ ಅದು ಬೇರೆ ಯಾರದೋ ಕಾಲಿನ ಹಾಗಿತ್ತು. ನೋವಾಗಿದ್ದರೆ ಕಿರುಚುತ್ತಿದ್ದೆ. ನೋವಿಲ್ಲದ್ದಕ್ಕೆ ಹೇಗೆ ಕಿರುಚುವುದೋ ಗೊತ್ತಾಗಲಿಲ್ಲ. ಬಾಗಿಲು ಹಾಕಿಕೊಂಡು ನಾನೇ ಬಟ್ಟೆ ಸುತ್ತಿದೆ.

ಬೇಗ ಬರೆ.

ಅಕ್ಕ


ಏಪ್ರಿಲ್ ೨

ಅಕ್ಕ,

ಕಾಲಿನ ವಿಷಯ ನೀನು ಬರೆದದ್ದನ್ನು ಓದಿದೆ.

ಯಂತ್ರದ ವಿಷಯ. ಕವಾಟಗಳನ್ನು ಜೋಡಿಸಿ ಮತ್ತೆ ಹಾಲಿನ ಪ್ರೋಟೀನು ಹಾಕಿದೆವು. ನೆರಳು ಕಡಿಮೆಯಾಗಿದೆ. ಮೇಡಂ ಸಂತೋಷಪಟ್ಟರು. ಆದರೆ ಇನ್ನೊಂದಿದೆ. ಕಳಚಿದ ಮಣಿ ಕೊನೆಗೆ ಒಂದು ಉದ್ದನೆಯ ಉಕ್ಕಿನ ಕೊಳವೆಯೊಳಗೆ ಹಾದು ಹೊರಗೆ ಬರುತ್ತದೆ. ಯಾವ ಮಣಿ ಎಷ್ಟು ಹೊತ್ತಿಗೆ ಹೊರಬಿತ್ತು ಎನ್ನುವುದರಿಂದಲೇ ಅದರ ಗುರುತು. ವ್ಯಾಲಿನ್ ಮತ್ತು ಮಿಥಿಯೋನಿನ್ ಒಂದರ ಬೆನ್ನಿಗೊಂದು ಬರುವ ಮಣಿಗಳು, ನೆರೆಮನೆಯವರ ಹಾಗೆ. ಕಾಗದದ ಮೇಲೆ ಎರಡು ಶಿಖರಗಳು, ನಡುವೆ ಕಿರಿದಾದ ಕಣಿವೆ. ಕೊಳವೆಯನ್ನು ಬೆಚ್ಚಗಿಡುವ ಗೂಡಿನ ಬಿಸಿ ಸ್ವಲ್ಪ ಏರುಪೇರಾದರೂ ಎರಡೂ ಸರಿದಾಡುತ್ತವೆ. ಸರಿದಾಡಿದರೆ ಅವನನ್ನು ಇವನೆಂದು ಓದಬಹುದು.

ನಿನ್ನ ಸರದಲ್ಲೇ ಇದಕ್ಕೊಂದು ಪರೀಕ್ಷೆಯಿದೆ. ಈ ಪ್ರೋಟೀನಿನ ಹದಿಮೂರನೆಯ ಮಣಿ ಎಲ್ಲ ಮನುಷ್ಯರಲ್ಲೂ ಮಿಥಿಯೋನಿನ್, ಹದಿನಾಲ್ಕನೆಯದು ವ್ಯಾಲಿನ್. ಕಾಯಿಲೆ ಇದ್ದವರಿಗೂ ಅಷ್ಟೆ, ಇಲ್ಲದವರಿಗೂ ಅಷ್ಟೆ. ಅಲ್ಲಿ ಎರಡನ್ನೂ ಬೇರೆಬೇರೆಯಾಗಿ ಹೇಳಿದ ಯಂತ್ರ ಮೂವತ್ತರಲ್ಲಿ ಹೇಳಿದ್ದನ್ನು ನಂಬಬೇಕು. ಮೇಡಂ ಇದನ್ನೇ ಹೇಳುತ್ತಾರೆ. ನಾನು ಹೇಳುವುದು, ಹದಿಮೂರರಲ್ಲಿ ಎಡವಿತೆಂದು ಗೊತ್ತಾಗುವ ಹೊತ್ತಿಗೆ ನಳಿಕೆ ಖಾಲಿಯಾಗಿರುತ್ತದೆ.

ಗೂಡಿನ ಬಿಸಿಯನ್ನು ನಿಯಂತ್ರಿಸುವ ಭಾಗ ಹಳೆಯದಾಗಿದೆ. ಈ ಯಂತ್ರವನ್ನು ಮಾಡಿದವರು ಆ ಭಾಗದ ತಯಾರಿಕೆಯನ್ನು ನಿಲ್ಲಿಸಿದ್ದಾರೆ. ಅವರ ಉಗ್ರಾಣದಲ್ಲಿ ಎಲ್ಲೋ ಒಂದು ಉಳಿದಿರಬಹುದೆಂದು ಕೇಳಿ ಬರೆದಿದ್ದೇನೆ. ಅದು ಬರಬೇಕು. ಬಂದ ಮೇಲೆ ಅಳವಡಿಸಿ ಒಂದೆರಡು ವಾರ ನೋಡಬೇಕು.

ಫ್ರೀಜರಿನ ಬಾಗಿಲು ದಿನಕ್ಕೊಂದು ಸಲವಾದರೂ ಯಾವುದಾದರೂ ಕಾರಣಕ್ಕೆ ತೆಗೆಯಬೇಕಾಗುತ್ತದೆ. ಆ ನಳಿಕೆಯನ್ನು ಉಳಿದವುಗಳ ಹಿಂದಕ್ಕೆ ಸರಿಸಿಟ್ಟಿದ್ದೇನೆ. ಬೀಳಬಾರದೆಂದು.

ಇಸ್ತ್ರಿಯ ಕೆಲಸವನ್ನು ಬೇರೆ ಯಾರಿಗಾದರೂ ವಹಿಸು.

ನಿನ್ನ ತಮ್ಮ


ಏಪ್ರಿಲ್ ೧೨

ತಮ್ಮ,

ನಿನ್ನ ಪತ್ರಗಳನ್ನೆಲ್ಲ ಹೊಲಿಗೆ ಯಂತ್ರದ ಮೇಲೆ ಸಾಲಾಗಿ ಇಟ್ಟುಕೊಂಡು ಓದಿದೆ. ಉಂಗುರ, ನೆರಳು, ಪೊರೆ, ಗೂಡು. ಚೆನ್ನಾಗಿ ಬರೆದಿದ್ದೀಯ. ನನಗೇ ನಿನ್ನ ಯಂತ್ರದ ಮೇಲೆ ಮರುಕ ಹುಟ್ಟಿತು.

ಈಗ ನನ್ನ ಕಸುಬಿನ ಒಂದು ಗುಟ್ಟು ಹೇಳುತ್ತೇನೆ. ದರ್ಜಿಯೊಬ್ಬಳು "ಮಿಷನ್ ಕೆಟ್ಟಿದೆ, ರಿಪೇರಿಗೆ ಹೇಳಿದೀನಿ, ನಾಳಿದ್ದು ಬನ್ನಿ" ಎಂದರೆ ನಿನ್ನ ಬಟ್ಟೆಗೆ ಅವಳು ಇನ್ನೂ ಕತ್ತರಿಯನ್ನೇ ಹಾಕಿಲ್ಲ ಎಂದು ಅರ್ಥ. ಇಪ್ಪತ್ತೈದು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಬಟ್ಟೆ ಬೆಲೆಬಾಳುವುದಾಗಿದ್ದರೆ, ಒಂದು ಕತ್ತರಿ ತಪ್ಪಿದರೆ ಮತ್ತೆ ಸಿಗದಂಥದ್ದಾಗಿದ್ದರೆ, ಆ ಬಟ್ಟೆಯನ್ನು ಕಪಾಟಿನಲ್ಲಿ ಉಳಿದವುಗಳ ಹಿಂದಕ್ಕೆ ಸರಿಸಿಡುತ್ತೇನೆ. ಅದೇ ಮಿಷನ್ನಿನಲ್ಲಿ ಬೇರೆಯವರ ಅಂಗಿಗಳು ಹೊಲಿದು ಹೋಗುತ್ತಿರುತ್ತವೆ. ನೀನೂ ಪಕ್ಕದವರಿಗೆ ಹತ್ತು ಮಣಿ ಓದಿಕೊಟ್ಟೆ ಎಂದು ಬರೆದಿದ್ದೀಯ.

ನಿನಗೆ ಬೈಯಬೇಕೆಂದು ಕೂತವಳು ಇದನ್ನು ಬರೆದ ಮೇಲೆ ಬೈಯಲಾರದೆ ಕೂತಿದ್ದೇನೆ. ಮಣಿ ಕಳಚುವವರೆಗೆ ಅಮ್ಮ ಬರೀ ವಯಸ್ಸಾಗಿ ಹೋದವಳು. ನನ್ನ ಮಗಳು ಬರೀ ಈಜು ಕಲಿಸುವವಳು. ನೀನು ಬೆಳಿಗ್ಗೆ ಎದ್ದು ಪೆನ್ಸಿಲು ಹಿಡಿಯುವ ಒಬ್ಬ ತಿಕ್ಕಲ. ಎಲ್ಲರೂ ಹಾಗೇ ಇರಲಿ ಎಂದು ನನಗೂ ಆಸೆಯೇ. ನೀನು ನನಗಾಗಿ ಹೆದರುತ್ತಿದ್ದೀಯೋ ನಿನಗಾಗಿಯೋ ಎಂದು ಕೇಳುವುದಿಲ್ಲ. ಅದನ್ನು ಬೇರೆಬೇರೆ ಮಾಡಲು ನಿನ್ನ ಕೊಳವೆಗೂ ಆಗಲಿಕ್ಕಿಲ್ಲ.

ಆದರೆ ಕೇಳು. ಹೋದ ವಾರ ಎದೆಯ ಚಿತ್ರ ತೆಗೆದರು. ಹೃದಯದ ಗೋಡೆ ದಪ್ಪವಾಗತೊಡಗಿದೆ. ಆ ಪ್ರೋಟೀನು ಅಲ್ಲಿಗೂ ಬಂದು ಕೂರುತ್ತಿದೆ. ಇನ್ನು ಸ್ವಲ್ಪ ಮುಂದೆ ಹೋದರೆ ಆಪರೇಷನ್ನಿಗೆ ಯಾರೂ ಕೈಹಾಕುವುದಿಲ್ಲ, ಆಮೇಲೆ ಹೌದೆಂದು ತಿಳಿದರೂ ಇಲ್ಲವೆಂದು ತಿಳಿದರೂ ಒಂದೇ. ಡಾಕ್ಟರು ನಿಮ್ಮ ಮೇಡಂಗೆ ಎರಡು ಸಲ ಫೋನು ಮಾಡಿದರಂತೆ. ಯಂತ್ರದವರು ಇನ್ನೂ ಒಪ್ಪಿಗೆ ಕೊಟ್ಟಿಲ್ಲ ಎಂದರಂತೆ. ಯಂತ್ರದವರು ಯಾರೆಂದು ಡಾಕ್ಟರಿಗೆ ಗೊತ್ತಿಲ್ಲ. ನಾನು ಹೇಳಲಿಲ್ಲ, ನಾಚಿಕೆಯಾಯಿತು.

ಹೊಟ್ಟೆಗೆ ಮತ್ತೊಮ್ಮೆ ಕತ್ತರಿ ಬಿದ್ದರೆ ಬೀಳಲಿ. ಅದು ನನ್ನ ಹೊಟ್ಟೆ. ಹಾಕು, ಇಲ್ಲವಾದರೆ ನಳಿಕೆಯನ್ನು ವಾಪಸು ಕಳಿಸು, ಬೇರೆ ಕಡೆ ಕೊಡುತ್ತೇನೆ.

ಅಕ್ಕ


ಏಪ್ರಿಲ್ ೧೫

ಅಕ್ಕ,

ನೀನು ಬರೆದದ್ದು ಸರಿ ಎಂದು ಬರೆಯಲು ಕೈ ಬರುತ್ತಿಲ್ಲ. ತಪ್ಪು ಎಂದು ಬರೆಯಲು ಮಾತುಗಳಿಲ್ಲ.

ಇವತ್ತು ಮೇಡಂ ಕೋಣೆಗೆ ಹೋಗಿ ಯಂತ್ರ ಸಿದ್ಧವಾಗಿದೆ ಎಂದೆ. ಅವರು ಕನ್ನಡಕ ತೆಗೆದರು.

"ಆ ಭಾಗ ಬಂತಾ?"

"ಇಲ್ಲ. ಅದಿಲ್ಲದೆಯೂ ಆಗತ್ತೆ."

"ಯಾವತ್ತಿಂದ ಆಗತ್ತೆ?"

ಅವರು ಉತ್ತರಕ್ಕೆ ಕಾಯಲಿಲ್ಲ. ನಾಳೆ ಬೆಳಿಗ್ಗೆ ತಾವೇ ಹಾಕುವುದಾಗಿ, ಮುಗಿಯುವವರೆಗೆ ನಾನು ಯಂತ್ರದ ಕೋಣೆಗೆ ಬರಕೂಡದೆಂದು ಹೇಳಿದರು.

ಮಧ್ಯಾಹ್ನವೆಲ್ಲ ತಯಾರಿ ಮಾಡಿದೆ. ಹಳೆಯ ಸಿಲಿಂಡರಿನಲ್ಲಿ ಅನಿಲ ಇನ್ನೂ ಇತ್ತು, ಆದರೂ ಹೊಸದನ್ನು ಹಾಕಿದೆ. ಸೀಸೆಗಳನ್ನು ತುಂಬಿದೆ. ಕರೆಂಟು ಹೋದರೆ ಬ್ಯಾಟರಿ ಯಂತ್ರವನ್ನು ನಡೆಸುತ್ತದೆಯೋ ಎಂದು ತಂತಿ ಕಿತ್ತು ನೋಡಿದೆ. ಮಾಪಕದ ಮುಂದೆ ಕೂತು ಮುಳ್ಳು ಇಳಿಯಲಿ ಎಂದು ಕಾದೆ. ಇದನ್ನು ನಿನಗಲ್ಲದೆ ಯಾರಿಗೂ ಬರೆಯಲಾರೆ. ಇಳಿಯಲಿ ಎಂದೇ ಕಾದೆ. ಅದು ಇಳಿಯಲಿಲ್ಲ.

ನಿನ್ನ ತಮ್ಮ


ಏಪ್ರಿಲ್ ೨೧

ಅಕ್ಕ,

ಈ ಪತ್ರ ಬರುವ ಮೊದಲೇ ಡಾಕ್ಟರು ಹೇಳಿರುತ್ತಾರೆ. ಆದರೂ ನಾನು ಬರೆಯಬೇಕು.

ಒಂದು ಮಣಿ ಕಳಚಲು ಯಂತ್ರಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಬೇಕು. ಹಾಗಾಗಿ ಮೂವತ್ತು ಮುಟ್ಟಲು ಒಂದು ಹಗಲು, ಒಂದು ರಾತ್ರಿ. ನಾನು ಕೆಳಗಿನ ವರ್ಕ್‌ಶಾಪಿನಲ್ಲಿ ಒಂದು ಕೆಟ್ಟ ಪಂಪನ್ನು ಬಿಚ್ಚಿ ಜೋಡಿಸಿದೆ. ಜೋಡಿಸಿದ ಮೇಲೆ ಒಂದು ತಿರುಪು ಉಳಿಯಿತು, ಮತ್ತೆ ಬಿಚ್ಚಿದೆ. ಸಂಜೆ ಮನೆಗೆ ಹೋದೆ. ಮರುದಿನ ಊಟದ ಹೊತ್ತಿಗೆ ಮೇಡಂ ಕರೆಸಿದರು.

ಕಾಗದಗಳನ್ನು ಮೇಜಿನ ಉದ್ದಕ್ಕೂ ಹಾಸಿದ್ದರು. ನೀವು ನೋಡಬಾರದು ಎಂದಿದ್ದೆ, ಈಗ ನೋಡಿ ಎಂದರು. ಹದಿಮೂರರಲ್ಲಿ ಮಿಥಿಯೋನಿನ್ ಒಂದೇ ಒಂದು, ನೆಟ್ಟಗೆ ನಿಂತಿತ್ತು. ಹದಿನಾಲ್ಕರಲ್ಲಿ ವ್ಯಾಲಿನ್, ಪಕ್ಕದಲ್ಲಿ ಹಿಂದಿನ ಮಣಿಯ ಸಣ್ಣ ನೆರಳು, ಇರಬೇಕಾದಷ್ಟೇ. ಕಣಿವೆ ಸ್ಪಷ್ಟ. ಇಷ್ಟು ಒಳ್ಳೆಯ ಕಾಗದವನ್ನು ಈ ಯಂತ್ರ ವರ್ಷಗಳಿಂದ ಕೊಟ್ಟಿರಲಿಲ್ಲ. ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆಯಾಯಿತು, ಅಕ್ಕ. ಒಂದು ಕ್ಷಣ, ಮೂವತ್ತನ್ನು ನೋಡುವ ಮೊದಲು.

ಮೂವತ್ತರಲ್ಲಿ ಎರಡಿದ್ದವು. ಒಂದೇ ಎತ್ತರ.

ನಾನು ದಾರಿಗಳನ್ನು ಹುಡುಕಿದೆ. ಹಿಂದುಳಿದ ಸರಗಳ ನೆರಳಿರಬಹುದೇ ಎಂದರೆ ಇಪ್ಪತ್ತೊಂಬತ್ತರಲ್ಲಿ ಮಿಥಿಯೋನಿನ್ ಇಲ್ಲ, ಅದಕ್ಕೆ ಹಿಂದೆ ಹದಿಮೂರರವರೆಗೆ ಎಲ್ಲೂ ಇಲ್ಲ. ಗೂಡಿನ ಬಿಸಿ ಏರುಪೇರಾಯಿತೇ ಎಂದರೆ ಹದಿಮೂರರ ಶಿಖರ ಯಾವ ಗೆರೆಯ ಮೇಲಿತ್ತೋ ಮೂವತ್ತರದೂ ಅದೇ ಗೆರೆಯ ಮೇಲಿತ್ತು. ಸ್ಕೇಲು ಇಟ್ಟು ನೋಡಿದೆ. ಮೇಡಂ ತಡೆಯಲಿಲ್ಲ. ನಾನು ಸ್ಕೇಲು ಕೆಳಗಿಡುವವರೆಗೆ ಕಿಟಕಿಯ ಕಡೆ ತಿರುಗಿ ನಿಂತಿದ್ದರು.

ಪರೀಕ್ಷೆಯ ದಿನ ಯಂತ್ರ ಸರಿಯಿತ್ತೆಂದು ಯಂತ್ರದವನು ರುಜು ಹಾಕದೆ ನಮ್ಮಲ್ಲಿ ಯಾವ ಫಲಿತಾಂಶವೂ ಹೊರಗೆ ಹೋಗುವುದಿಲ್ಲ. ಆ ಹಾಳೆಯನ್ನು ನನ್ನ ಮುಂದಿಟ್ಟರು.

"ನೀವು ಸರಿ ಇರಲಿಲ್ಲ ಅಂದ್ರೆ ಇದನ್ನೆಲ್ಲ ಹರಿದು ಹಾಕ್ತೀನಿ. ನಿಮ್ಮನ್ನ ಯಾಕೆ ಅಂತಾನೂ ಕೇಳಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸುಲಭವಾಗುತ್ತಿತ್ತು.

ಬೇಕಾಗಿದ್ದದ್ದು ಒಂದು ಮಾತು. ಗೂಡಿನ ಮೇಲೆ ನನಗೆ ನಂಬಿಕೆಯಿಲ್ಲ ಎಂದರೆ ಸಾಕಿತ್ತು. ಎರಡು ತಿಂಗಳಿಂದ ಅದನ್ನೇ ಹೇಳುತ್ತ ಬಂದವನು, ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಅಮ್ಮ ವಯಸ್ಸಾಗಿ ಹೋದವಳಾಗಿಯೇ ಉಳಿಯುತ್ತಿದ್ದಳು. ಪೆನ್ನು ಹಿಡಿದ ಕೈಯನ್ನು ನೋಡಿದೆ. ಕವಾಟದ ಪೊರೆಗಳನ್ನು ಒರೆಸಿದ ಕೈ, ಯಂತ್ರ ಸರಿಯಿದೆ ಎಂದು ಅದಕ್ಕೆ ನನಗಿಂತ ಮೊದಲೇ ಗೊತ್ತಿತ್ತು.

ರುಜು ಹಾಕಿದೆ. ಯಂತ್ರ ಸರಿಯಿತ್ತು, ಅಕ್ಕ. ಇದು ವಂಶದ್ದು. ಅಮ್ಮನಿಂದ ನಿನಗೆ ಬಂದದ್ದು.

ಹೊರಗೆ ಬಂದು ಓಣಿಯ ಬೆಂಚಿನ ಮೇಲೆ ಕೂತೆ. ಹೆದರಿಕೆ ಹೋಗಿರಲಿಲ್ಲ. ಇಷ್ಟು ದಿನ ಅದು ಉಂಗುರದಲ್ಲಿ, ಪೊರೆಯಲ್ಲಿ, ಗೂಡಿನಲ್ಲಿ ಇತ್ತು. ಈಗ ಎಲ್ಲವೂ ರಿಪೇರಿಯಾಗಿಬಿಟ್ಟಿದ್ದರಿಂದ ಅದು ನನ್ನ ಪಕ್ಕದಲ್ಲೇ ಬಂದು ಕೂತಿತ್ತು.

ನಿನ್ನ ತಮ್ಮ


ಮೇ ೪

ತಮ್ಮ,

ಡಾಕ್ಟರು ಮೊದಲೇ ಹೇಳಿದ್ದರು. ನಿನ್ನ ಪತ್ರ ಆಮೇಲೆ ಬಂತು. ನಿನ್ನದನ್ನು ಓದಿದಾಗಲೇ ಅಳು ಬಂದದ್ದು.

ಹೆಸರನ್ನು ಸಾಲಿಗೆ ಸೇರಿಸಿದ್ದಾರೆ. ಎದೆ ಇನ್ನೂ ಅವರು ಒಪ್ಪುವ ಮಟ್ಟದಲ್ಲಿದೆಯಂತೆ, ಅಂಚಿನಲ್ಲಿದೆಯಂತೆ. ಅಂಚಿನಲ್ಲಿ ಹೊಲಿಯುವುದು ನನಗೆ ಹೊಸದಲ್ಲ ಎಂದೆ. ಡಾಕ್ಟರು ನಗಲಿಲ್ಲ. ಯಾರದಾದರೂ ಅಂಗ ಸಿಗುವವರೆಗೆ ಕಾಯಬೇಕು. ಯಾರೋ ಸಾಯಲಿ ಎಂದು ಕಾಯುವ ಕೆಲಸ ಇದು, ಅದಕ್ಕಾಗಿ ರಾತ್ರಿ ನಿದ್ದೆ ಬರುವುದಿಲ್ಲ ಎಂದುಕೊಂಡಿದ್ದೆ. ನಿದ್ದೆ ಬರುತ್ತದೆ. ಅದೇ ಹೆದರಿಕೆ ಹುಟ್ಟಿಸುತ್ತದೆ.

ನಿನ್ನ ಭಾವನಿಗೆ ಎಲ್ಲ ಹೇಳಿದೆ, ಸುಟ್ಟ ಕಾಲನ್ನೂ ತೋರಿಸಿದೆ. ಎದ್ದು ಇಸ್ತ್ರಿ ಪೆಟ್ಟಿಗೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಈಗ ಕೀಲಿ ಎಲ್ಲಿಟ್ಟೆ ಎಂದು ಅವರಿಗೇ ನೆನಪಿಲ್ಲ. ಮನೆಯಲ್ಲಿ ಎಲ್ಲರೂ ಸುಕ್ಕುಬಿದ್ದ ಬಟ್ಟೆಯಲ್ಲಿ ಓಡಾಡುತ್ತಿದ್ದೇವೆ, ದರ್ಜಿಯ ಮನೆ ಎಂದು ಯಾರೂ ನಂಬುವುದಿಲ್ಲ.

ಮಗಳಿಗೆ ಹೇಳುವುದು ಕಷ್ಟವಾಯಿತು. ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ. ಮಕ್ಕಳಿಗೂ ಒಡಹುಟ್ಟಿದವರಿಗೂ ಇರುವ ಸಾಧ್ಯತೆ ಅರ್ಧಕ್ಕರ್ಧ, ರಕ್ತ ಕೊಟ್ಟರೆ ತಿಳಿಯಬಹುದು. ಅವಳು ಕೇಳಿಸಿಕೊಂಡು ಪಾಠಕ್ಕೆ ಹೊರಟುಹೋದಳು. ಸಂಜೆ ಒದ್ದೆ ತಲೆಯಲ್ಲೇ ಬಂದು ಬಾಗಿಲಿಗೆ ಒರಗಿ ನಿಂತಳು.

"ನನಗಿದೆಯಾ ಅಂತ ತಿಳ್ಕೋಬೇಕಾಗಿರೋದು ನೀನಾ, ನಾನಾ?"

"ನೀನು" ಎಂದೆ.

"ಹಾಗಾದ್ರೆ ನಾನಾಗಿ ಹೇಳೋವರೆಗೆ ಯಾರೂ ಕೇಳ್ಬೇಡಿ. ಮಾವನಿಗೂ ಹೇಳು."

ಹೇಳಿದ್ದೇನೆ. ಅವಳು ಹಾಗೆಂದಾಗ ಎದೆಗೆ ಚುಚ್ಚಿತು, ಆದರೆ ಅವಳ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಮಗುವಿನ ಮಾತನ್ನು ಅವಳು ಎತ್ತಿಲ್ಲ, ನಾನೂ ಎತ್ತಿಲ್ಲ. ಮನೆಯಲ್ಲಿ ಈಗ ನಾವಿಬ್ಬರೂ ಬಹಳ ಒಳ್ಳೆಯ ಮಾತುಗಳನ್ನಾಡುತ್ತೇವೆ.

ನಿನ್ನ ವಿಷಯ. ಇಷ್ಟು ಪತ್ರಗಳಲ್ಲಿ ನಾನು ಅದನ್ನು ಕೇಳಿಲ್ಲ, ನೀನು ಹೇಳಿಲ್ಲ. ಅರ್ಧಕ್ಕರ್ಧ ಎಂದು ಡಾಕ್ಟರು ಅಂದಾಗ ನನ್ನ ಕಣ್ಣ ಮುಂದೆ ಬಂದದ್ದು ಮಗಳಲ್ಲ, ನೀನು. ಯಾಕೋ ತಿಳಿಯದು. ರಕ್ತ ಕೊಡು ಎಂದು ನಾನು ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಮಗಳಿಗೆ ಕೊಟ್ಟ ಮಾತು ನಿನಗೂ ಸಲ್ಲುತ್ತದೆ. ಯಂತ್ರ ಕೆಟ್ಟಿದೆ ಎಂದು ಬರೆದರೂ ಈ ಸಲ ನಂಬುತ್ತೇನೆ.

ಆದರೆ ಕೊಡುವೆಯಾದರೆ, ಫಲಿತಾಂಶದ ದಿನ ಆ ಓಣಿಯ ಬೆಂಚಿನ ಮೇಲೆ ಒಬ್ಬನೇ ಕೂರಬೇಡ. ನನ್ನನ್ನು ಕರೆ. ನಿಮ್ಮ ಮೇಡಂಗೆ ಫೋನು ಮಾಡಿ ಕೇಳಿದೆ, ನಿಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲವಂತೆ, ಮೂರು ಮಹಡಿ ಹತ್ತಬೇಕಂತೆ. ಕಂಬಿ ಹಿಡಿದುಕೊಂಡು, ಕಾಲನ್ನು ಕಣ್ಣಿನಿಂದ ನೋಡುತ್ತ ಹತ್ತಿದರೆ ಈಗ ನನ್ನಿಂದ ಆಗುತ್ತದೆ.

ಆಗುವಾಗಲೇ ಕರೆ.

ಅಕ್ಕ